ಅಮೋಘವರ್ಷನ ಸಲಾಮು

ನಮ್ಮ ಕೋಣನಿಗೆ ಅಮೋಘವರ್ಷ ಎಂದು ಹೆಸರಿಟ್ಟ ದಿನದಿಂದ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ಕಾಚಿಗೂಡದ ನೃಪತುಂಗ ಶಾಲೆಯಲ್ಲಿ ಓದಿದವನು ನೀನು. ಆ ಋಣ ಹೀಗಾ ತೀರಿಸೋದು?" ಅಂದರು. ನಾನೇನು ಬೇಕೆಂದು ಹುಡುಕಿ ಇಟ್ಟ ಹೆಸರಲ್ಲ. ಆಳಂದದ ಕಡೆಯಿಂದ ಕರುವನ್ನು ಟೆಂಪೋದಲ್ಲಿ ತರುವಾಗ, ಮಳಖೇಡದ ಹತ್ತಿರ ಕಾಗಿಣಾ ಹೊಳೆ ಕಂಡದ್ದೇ ತಡ, ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದವನು "ಆಂ" ಎಂದು ಕೂಗಿದ. ರಾಷ್ಟ್ರಕೂಟರ ರಾಜಧಾನಿಯಲ್ಲಿ ಬಾಯಿ ತೆರೆದವನಿಗೆ ಇನ್ನೇನು ಕರೆಯಲಿ?

ಚೇವೆಳ್ಳದ ಬಳಿ ನಮ್ಮದು ಎರಡು ಎಕರೆ. ನಿವೃತ್ತಿಯ ದುಡ್ಡಿನಲ್ಲಿ ಮಾವಿನ ತೋಟ ಮಾಡುತ್ತೇನೆಂದು ಹೆಂಡತಿಗೆ ಹೇಳಿ ಕೊಂಡದ್ದು. ಮಾವು ಹಾಕಿದೆ, ಗೆದ್ದಲು ತಿಂದಿತು. ಆ ಕಥೆ ಬೇಡ. ಕರು ಟೆಂಪೋದಿಂದ ಇಳಿದಾಗ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವ್ವ ಮಾತ್ರ ಹೊರಗೆ ಬಂದು, ಕೋಲೂರಿ ನಿಂತು, ನಿಧಾನಕ್ಕೆ ನೋಡಿ ಹೇಳಿದಳು: "ತಮ್ಮಾ, ಎಂಬತ್ನಾಕು ವರ್ಷದಾಕಿ ಮನ್ಯಾಗ ಇರೋವಾಗ ಯಮನ ಗಾಡಿ ತಂದು ಬಾಗಲಾಗ ನಿಲ್ಲಸ್ತಿಯಲ್ಲೋ!"

ಇದು ಪಂಢರಾಪುರಿ ತಳಿ. ಸೊಲ್ಲಾಪುರ, ಕೊಲ್ಲಾಪುರದ ಕಡೆ ಈ ಎಮ್ಮೆಗಳನ್ನು ಗಿರಾಕಿಯ ಬಾಗಿಲಿಗೇ ಹೊಡೆದುಕೊಂಡು ಹೋಗಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕರೆದು ಕೊಡುವುದುಂಟು. ಎಷ್ಟು ಮನೆಗೆ ಹೋದರೂ ಬೇಸರಿಸದೆ ಸೊರೆ ಬಿಡುತ್ತವಂತೆ. ಆದರೆ ತಳಿಯ ಗುರುತು ಹಾಲಲ್ಲ, ಕೊಂಬು. ಮೇಲಕ್ಕೆ ಏಳದೆ, ಸುರುಳಿ ಸುತ್ತದೆ, ಕತ್ತಿನ ಎರಡೂ ಕಡೆ ಕತ್ತಿಯ ಹಾಗೆ ಹಿಂದಕ್ಕೆ ಚಾಚಿ ಭುಜ ದಾಟುತ್ತವೆ. ಒಂದೊಂದು ಕೊಂಬು ಒಂದರಿಂದ ಒಂದೂವರೆ ಮೀಟರ್ ಬೆಳೆಯುವುದಿದೆ. ಅಮೋಘವರ್ಷನಿಗೆ ನಾಲ್ಕು ತುಂಬುವಷ್ಟರಲ್ಲಿ ಕೊಟ್ಟಿಗೆಯ ಬಾಗಿಲನ್ನು ಎರಡು ಸಲ ಒಡೆಸಿ ಅಗಲ ಮಾಡಿಸಿದೆ. ಅವನು "ಯಾರು ಬಂದರು" ಎಂದು ಹಿಂದೆ ತಿರುಗಿ ನೋಡಿದರೆ ಸಾಕು, ಬಟ್ಟೆ ಒಣಹಾಕುವ ಹಗ್ಗ, ಹೆಂಡತಿಯ ಎರಡು ಸೀರೆ, ನನ್ನ ಒಂದು ಬನಿಯನ್ನು ಅವನ ಪಾಲು.

ಇಂಥವನನ್ನು ಮನೆಯಲ್ಲೇ ಇಟ್ಟುಕೊಂಡಿರಬಹುದಿತ್ತು. ಆದರೆ ಹಾಲು ಹಾಕುವ ಯಾದವರ ಹುಡುಗ ಒಂದು ದಿನ ಅವನನ್ನು ಸುತ್ತಿ ಸುತ್ತಿ ನೋಡಿ, "ಸಾಬ್, ಸದರ್ ಮೇ ಲೇಕೇ ಆವೋ ನಾ" ಅಂದುಬಿಟ್ಟ. ದೀಪಾವಳಿ ಕಳೆದ ಮೇಲೆ ನಾರಾಯಣಗೂಡದಲ್ಲಿ ನಡೆಯುವ ಸದರ್ ಗೊತ್ತಲ್ಲ, ಕೋಣಗಳ ಮೆರವಣಿಗೆ. 2024ರಲ್ಲಿ ತೆಲಂಗಾಣ ಸರ್ಕಾರ ಅದನ್ನು ರಾಜ್ಯದ ಹಬ್ಬವನ್ನಾಗಿಯೂ ಮಾಡಿತು. ಹುಡುಗನಾಗಿದ್ದಾಗ ಕಾಚಿಗೂಡದಿಂದ ಅಪ್ಪನ ಹೆಗಲೇರಿ ನೋಡಲು ಹೋಗುತ್ತಿದ್ದೆ. ಈಗ ನನ್ನದೇ ಕೋಣ! ಆ ರಾತ್ರಿ ನಿದ್ದೆ ಬರಲಿಲ್ಲ.

ಸದರಿನಲ್ಲಿ ಕೋಣ ಸುಮ್ಮನೆ ನಡೆದರೆ ಆಗುವುದಿಲ್ಲ. ಮುಂಗಾಲೆತ್ತಿ ಎರಡು ಕಾಲ ಮೇಲೆ ನಿಂತು ಜನಕ್ಕೆ ಸಲಾಮು ಮಾಡಬೇಕು. ನಾಲ್ಕು ತಿಂಗಳು ತಾಲೀಮು ನಡೆಯಿತು. ನನ್ನ ವಿಧಾನ ಸರಳ: ನೀಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತಿಕಾಳು ಹಿಂಡಿ ನೆನೆಸಿಕೊಂಡು ಬಾವಿಕಟ್ಟೆ ಹತ್ತುವುದು, ತಲೆಯ ಮೇಲೆ ಎತ್ತಿ ಹಿಡಿಯುವುದು. ಮೊದಲ ತಿಂಗಳು ಅವನು ಬಕೆಟ್ ಇಳಿಯಲಿ ಎಂದು ಕಾದ. ಎರಡನೇ ತಿಂಗಳು ನಾನು ಬಾವಿಗೆ ಬೀಳುವುದೊಂದು ಬಾಕಿ. ನಾಲ್ಕನೇ ತಿಂಗಳಿಗೆ ಬಕೆಟ್ ಕಂಡರೆ ಸಾಕು, ಎದ್ದು ನಿಲ್ಲುತ್ತಿದ್ದ.

ಸದರಿನ ಸಂಜೆ ಅವನಿಗೆ ಎಣ್ಣೆ ತಿಕ್ಕಿ, ಕೊಂಬಿಗೆ ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಬಿಜಾಪುರ ರಸ್ತೆಯ ಆಲದ ಮರಗಳ ಕೆಳಗೆ ಬಿಳಲಿಗೆ ಕೊಂಬು ಸಿಗದ ಹಾಗೆ ಕರೆತಂದದ್ದೇ ಒಂದು ಪ್ರಬಂಧವಾದೀತು. ನಾರಾಯಣಗೂಡ ಮುಟ್ಟಿದಾಗ ನನ್ನ ಎದೆ ಇಳಿಯಿತು. ಸುತ್ತ ಎಲ್ಲ ಮುರ್ರಾ. ಹರಿಯಾಣದಿಂದ ಲಾರಿಯಲ್ಲಿ ಬಂದ ಪೈಲ್ವಾನರು, ಕಿವಿಯ ಪಕ್ಕ ಜಿಲೇಬಿಯಂತೆ ಸುತ್ತಿದ ಕೊಂಬು, ಟಾರು ಬಳಿದ ಗೋದಾಮಿನಂಥ ಮೈ. ಮೈಕಿನವನು ಒಂದರ ತೂಕ ಒಂದೂವರೆ ಟನ್ ಅಂದ, ಇನ್ನೊಂದರ ಬೆಲೆ ಕೋಟಿಗಳಲ್ಲಿ ಅಂದ, ಬಾದಾಮಿ, ಸೇಬು, ತುಪ್ಪ ತಿನ್ನುತ್ತದೆ ಅಂದ. ಪಕ್ಕದ ಮಾಲೀಕನೊಬ್ಬ ನಮ್ಮವನ ಬೆನ್ನು ತಟ್ಟಿ "ಬೀಮಾರ್ ಹೈ ಕ್ಯಾ?" ಎಂದು ಕೇಳಿದ. ಕೋಣ ಎಂದರೆ ಕಿಲೋ ಮತ್ತು ಕೋಟಿ ಎಂದು ತಿಳಿದವರ ಜೊತೆ ಕೊಂಬಿನ ಸೌಂದರ್ಯದ ಮಾತೇಕೆ ಎಂದು ಸುಮ್ಮನಾದೆ.

ಆ ಕೋಟಿಯ ಲೆಕ್ಕ ಕೇಳುತ್ತಿದ್ದಾಗ ಆಳಂದದ ಅಂಗಳ ನೆನಪಾಯಿತು. ಅಲ್ಲಿ ಎರಡು ಕೋಣಗರುಗಳಿದ್ದವು. ಎರಡರ ಪಕ್ಕೆಲುಬೂ ಎಣಿಸಬಹುದಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಕೋಣಕ್ಕೆ ಹೊಲದಲ್ಲಿ ಕೆಲಸವಿಲ್ಲ; ತಾಯಿಯ ಹಾಲನ್ನು ಅದಕ್ಕೆ ಬಿಟ್ಟರೆ ಡೇರಿಗೆ ಹಾಕುವುದೇನು? ಯಾರೂ ಹೊಡೆದು ಕೊಲ್ಲುವುದಿಲ್ಲ. ಮೂಲೆಯಲ್ಲಿ ಕಟ್ಟಿರುತ್ತಾರೆ, ತಾನಾಗಿ ಹೋಗುತ್ತದೆ. ಯಜಮಾನ ಕಣ್ಣು ತಪ್ಪಿಸಿ, "ಎರಡೂ ಒಯ್ರಿ, ರೊಕ್ಕಾ ಬ್ಯಾಡ" ಅಂದಿದ್ದ. ಟೆಂಪೋ ಸಣ್ಣದು ಎಂದು ಹೇಳಿ ನಾನು ಒಂದನ್ನೇ ತಂದೆ. ಟೆಂಪೋ ಅಷ್ಟೇನೂ ಸಣ್ಣದಿರಲಿಲ್ಲ.

"ಚೇವೆಳ್ಳಾ ಸಾಬ್, ಆಗೇ ಆವೋ!"

ನಮ್ಮ ಸರದಿ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಹಗ್ಗ ಜಗ್ಗಿದೆ. ಅಮೋಘವರ್ಷ ನನ್ನನ್ನು ನೋಡಿದ. "ಏಳಪ್ಪಾ" ಅಂದೆ. ನೋಡಿದ. "ಏಳೋ" ಅಂದೆ. ರೆಪ್ಪೆ ಬಡಿದ. ಆಗ ಹೊಳೆಯಿತು: ನೀಲಿ ಬಕೆಟ್ ಬಾವಿಕಟ್ಟೆಯ ಮೇಲೇ ಉಳಿದಿದೆ. "ಸಲಾಂ ಕರಾವ್! ಸಲಾಂ ಕರಾವ್!" ಎಂದು ಹುಡುಗರು ಕೂಗತೊಡಗಿದರು. ದಿಕ್ಕು ತೋಚದೆ ಎರಡೂ ಕೈಗಳನ್ನು ಬಕೆಟ್ಟಿನ ಆಕಾರಕ್ಕೆ ತಂದು ತಲೆಯ ಮೇಲೆ ಹಿಡಿದೆ. ಅವನು ಆಸಕ್ತಿಯಿಂದ ನೋಡಿದ, ಏಳಲಿಲ್ಲ. ಎತ್ತರ ಸಾಲದೇನೋ ಎಂದು ತುದಿಗಾಲಲ್ಲಿ ನಿಂತೆ. ಸಾಲಲಿಲ್ಲ. ಸಣ್ಣಗೆ ಒಂದು ನೆಗೆತ ನೆಗೆದೆ.

ಅದೇ ತಪ್ಪಾಯಿತು. ಡಪ್ಪಿನವರಿಗೆ ಕುಣಿಯುವವರು ಕಂಡರೆ ಸಾಕು, ಕೋಣವೋ ಮನುಷ್ಯನೋ ವಿಚಾರಿಸುವುದಿಲ್ಲ. ನನ್ನ ನೆಗೆತಕ್ಕೆ ಸರಿಯಾಗಿ ತೀನ್‌ಮಾರ್ ಬಿತ್ತು. ನಾರಾಯಣಗೂಡದಲ್ಲಿ ತೀನ್‌ಮಾರ್ ಶುರುವಾದರೆ ನಡುವೆ ನಿಲ್ಲಿಸುವ ಪದ್ಧತಿಯಿಲ್ಲ. ನಿಂತರೆ ಹಿಂದಿನವರು ತಳ್ಳುತ್ತಾರೆ, ಓಡಿದರೆ ಕೋಣ ಕೈಬಿಡುತ್ತದೆ. ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಬರೆದುಕೊಟ್ಟ ಮಂಡಿಗಳನ್ನು ಹೊತ್ತುಕೊಂಡು, ಅರವತ್ಮೂರು ವರ್ಷದ ನಾನು ಇಲ್ಲದ ಬಕೆಟ್ ಎತ್ತಿ ಹಿಡಿದು ಮೇಲೆ ಕೆಳಗೆ ನೆಗೆದೆ. ರುಮಾಲು ಬಿಚ್ಚಿತು. ಯಾರೋ ಹತ್ತು ರೂಪಾಯಿ ನೋಟನ್ನು ನನಗೆ ನಿವಾಳಿಸಿ ಡಪ್ಪಿನವನ ಬಾಯಿಗಿಟ್ಟರು. ಇನ್ಯಾರೋ ಕೋಣನಿಗೆಂದು ತಂದ ಹಾರವನ್ನು ನನ್ನ ಕೊರಳಿಗೆ ಹಾಕಿದರು. ಕೋಣನ ಮುಂದೆ ಕಿನ್ನರಿ ಎಂದು ಗಾದೆ ಕಟ್ಟಿದವರು ಕಿನ್ನರಿಯವನ ಮಂಡಿಯ ಬಗ್ಗೆ ಒಂದು ಮಾತೂ ಹೇಳಿಲ್ಲ. ಅಮೋಘವರ್ಷ ಮೆಲುಕು ಹಾಕುತ್ತ ನಿಂತಿದ್ದ. ಕಾವ್ಯದ ಗುಣದೋಷ ಬಲ್ಲ ಅರಸನ ಹೆಸರಿಟ್ಟದ್ದಕ್ಕೆ ಅಂದು ಮೊದಲ ಸಲ ಪಶ್ಚಾತ್ತಾಪವಾಯಿತು.

ಆಗ ಪಕ್ಕದ ಮನೆಯ ಬಾಗಿಲು ತೆರೆದು ಒಬ್ಬ ಮುದುಕಿ ಹೊರಬಂದಳು. ಅವಳ ಕೈಯಲ್ಲಿ ನೀರು ಚೆಲ್ಲಲು ತಂದ ಬಕೆಟ್ ಇತ್ತು. ನೀಲಿ.

ನನ್ನ ಕೈಯಿಂದ ಹಗ್ಗ ಸರ್ರನೆ ಜಾರಿತು. ಅಮೋಘವರ್ಷ ಎದ್ದು ನಿಂತ. ಎರಡು ಕೊಂಬುಗಳು ಬೆನ್ನ ಮೇಲೆ ಮಡಿಸಿದ ರೆಕ್ಕೆಗಳಂತೆ ಒರಗಿದ್ದವು, ಸೀರಿಯಲ್ ಲೈಟಿನ ಬೆಳಕು ಎಣ್ಣೆಯ ಮೈಮೇಲೆ ಹರಿಯುತ್ತಿತ್ತು. ಮುರ್ರಾ ಮಾಲೀಕರೂ ಬಾಯಿ ತೆರೆದರು. ಮುದುಕಿ ಹೆದರಲಿಲ್ಲ, ಬಕೆಟ್ ಕೆಳಗಿಟ್ಟು ಕೈಮುಗಿದಳು. ಅವನು ಇಳಿದು, ಬಕೆಟ್ಟಿನಲ್ಲಿ ಮೂತಿಯಿಟ್ಟು, ಹಿಂಡಿಯಿಲ್ಲದ್ದನ್ನು ಕಂಡು ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ವಿಡಿಯೋ ಬೆಳಗಾಗುವಷ್ಟರಲ್ಲಿ ಕಲಬುರಗಿಯ ಬೀಗರ ಮೊಬೈಲು ಮುಟ್ಟಿತ್ತು. ಹೆಂಡತಿ ಅದನ್ನು ಮಾತಿಲ್ಲದೆ ಅವ್ವನ ಕಣ್ಣಿನ ಹತ್ತಿರ ಹಿಡಿದಳು. ಅವ್ವ ಕನ್ನಡಕ ಏರಿಸಿ ಎರಡು ಸಲ ನೋಡಿದಳು.

"ಕ್ವಾಣ ಛಲೋ ನಿಂತದ," ಅಂದಳು. "ಮುಂದ ಕುಣಿಯಾಂವ ಯಾರ ಮಗ?"