ಗ್ರಾನೈಟ್ ನಾಡಿನ ಪ್ಲಾಸ್ಟಿಕ್ ನೆಲ

2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಹೊಳಪು ಹಾಕಿಸಿಕೊಂಡು ಕಡಲಾಚೆಗೆ ಹೋಗುತ್ತದೆ. ಅದೇ ಜಿಲ್ಲೆಯ ಹೊಸೂರಿನಲ್ಲಿ, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಆಸುಪಾಸಿನ ಬಾಡಿಗೆ ಮನೆಗಳಲ್ಲಿ, ಸವೆದ ಜಮಖಾನೆಯ ಜಾಗಕ್ಕೆ ಗ್ರಾನೈಟ್‌ನ ಚಿತ್ರ ಅಚ್ಚೊತ್ತಿದ ವಿನೈಲ್ ಹಾಳೆ, ಅಂದರೆ ಪಿವಿಸಿ ಪ್ಲಾಸ್ಟಿಕ್‌ನಿಂದ ಮಾಡಿ ಸುರುಳಿ ಸುತ್ತಿ ಅಳತೆಯ ಲೆಕ್ಕದಲ್ಲಿ ಮಾರುವ ಹಾಸು, ಬಂದು ವಿರಾಜಮಾನವಾಗುತ್ತದೆ. ಇದಕ್ಕೆ ಮೇಸ್ತ್ರಿ ಬೇಡ, ಬ್ಲೇಡು ಸಾಕು ಎಂಬ ನಂಬಿಕೆಯಿಂದ ಗೃಹಸ್ಥರು ಭಾನುವಾರ ಬೆಳಿಗ್ಗೆ ಕಾರ್ಯಾರಂಭ ಮಾಡುತ್ತಾರಾದರೂ, ಕೋಣೆಯ ಮೂಲೆಗಳು ನೆಟ್ಟಗಿಲ್ಲವೆಂಬ, ಕಟ್ಟಿದವನು ಗುಟ್ಟಾಗಿಟ್ಟಿದ್ದ ಸತ್ಯವು ಹಾಳೆಯನ್ನು ಕತ್ತರಿಸಿದ ಬಳಿಕವೇ ಬಯಲಾಗುತ್ತದೆ. ಉಳಿದ ಮೂರು ಬೆರಳಗಲದ ಸಂದಿಗೆ ಅಕ್ಕಿ ಡಬ್ಬಿ ಕಾವಲು ನಿಲ್ಲುತ್ತದೆ. ಸುತ್ತಿಟ್ಟ ಅಭ್ಯಾಸ ಬಿಡದ ಅಂಚು ಮತ್ತೆ ಮತ್ತೆ ಮೇಲೇಳುವುದರಿಂದ ಅದರ ತಲೆಯ ಮೇಲೆ ರುಬ್ಬುವ ಗುಂಡು ಕೂರುತ್ತದೆ (ನಿಜವಾದ ಕಲ್ಲು ಕಡೆಗೂ ನೆಲ ಸೇರುವ ಬಗೆ ಇದು). ಹಾಳೆಯನ್ನು ಮೊದಲೇ ಬಿಡಿಸಿ ಸ್ವಲ್ಪ ಹೊತ್ತು ಬಿಸಿಲು ಕಾಯಿಸಿದ್ದರೆ ಅದು ಮೆತ್ತಗಾಗಿ ತಾನೇ ಸಪಾಟಾಗುತ್ತಿತ್ತು. ಭಾನುವಾರಕ್ಕೆ ಅಷ್ಟು ತಾಳ್ಮೆ ಎಲ್ಲಿಯದು? ಸಿಮೆಂಟ್ ನೆಲದ ತೇವ ಅಡಿಯಲ್ಲಿ ಸಿಕ್ಕಿಕೊಂಡು ಮುಗ್ಗಲು ವಾಸನೆ ಎದ್ದಾಗ ಮನೆಯವರು ಊದುಬತ್ತಿ ಹಚ್ಚುತ್ತಾರೆ. ಮಾಲೀಕರು ಮಾತ್ರ ಅಡ್ವಾನ್ಸ್ ಹಿಂದಿರುಗಿಸಬೇಕಾದ ದಿನವೇ ಹಾಳೆಯನ್ನೆತ್ತಿ ನೋಡುತ್ತಾರೆ.