ಮೆಡಿಕಲ್ ಶಾಪಿನ ತ್ರಿಗುಣಸಂಪನ್ನ ಕ್ರೀಮಿಗೆ ಒಂದು ಬಹಿರಂಗ ಪತ್ರ

ಮಾನ್ಯ ಟ್ಯೂಬಿನವರೇ,

ತಾವು ಕ್ಷೇಮವೆಂದು ಬಲ್ಲೆ. ತಮ್ಮನ್ನು ಹಚ್ಚಿಕೊಂಡವರ ಕ್ಷೇಮ ವಿಚಾರಿಸಲು ಈ ಪತ್ರ.

ತಮ್ಮ ಕುಲಗೋತ್ರ ಟ್ಯೂಬಿನ ಮೇಲೇ ಇದೆ, ಓದಲು ಭೂತಗನ್ನಡಿ ಬೇಕು ಅಷ್ಟೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಬಂಗು ಬಂದವರಿಗೆ ಚರ್ಮವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಔಷಧಿ ತಾವು. ಅಂಥ ಸಣ್ಣ ಹುದ್ದೆ ತಮಗೆ ಸಾಕಾದೀತೇ? "ಅಣ್ಣಾ, ಮದುವೆ ಇದೆ, ಮುಖ ಬೇಗ ಬೆಳ್ಳಗಾಗೋ ಥರ ಏನಾದ್ರೂ ಕೊಡಿ" ಎಂದು ಹುಡುಗಿಯೊಬ್ಬಳು ಕೇಳಿದರೆ ಸಾಕು, "ಎಲ್ರೂ ಇದನ್ನೇ ಒಯ್ಯೋದಮ್ಮ" ಎಂದು ಅಂಗಡಿಯವರು ಬಿಲ್ಲೂ ಇಲ್ಲದೆ ತಮ್ಮನ್ನು ಧಾರೆಯೆರೆದುಬಿಡುತ್ತಾರೆ. 2018ರಲ್ಲಿ ಸರ್ಕಾರ ತಮ್ಮ ಬಳಗದ ಇನ್ನೂ 14 ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ ವೈದ್ಯರ ಚೀಟಿ ಕಡ್ಡಾಯ ಮಾಡಿತಂತೆ. ಕೌಂಟರ್‌ನಲ್ಲಿ ಆ ಸುದ್ದಿ ಯಾರಿಗೂ ತಲುಪಿದಂತಿಲ್ಲ.

ತಮ್ಮ ಕೈಚಳಕ ಮೆಚ್ಚಲೇಬೇಕು. ಮೊದಲ ವಾರಗಳಲ್ಲಿ ಮುಖ ಫಳಫಳ, ಪಕ್ಕದ ಮನೆಯವರು "ಯಾವ ಪಾರ್ಲರ್‌ಗೆ ಹೋಗ್ತೀಯೇ?" ಎಂದು ವಿಚಾರಿಸುತ್ತಾರೆ. ತಿಂಗಳುಗಳು ಉರುಳಿದ ಮೇಲೆ ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳ ಜಾಲ, ಮೊಡವೆಗಳ ಸಾಲು, ಕೆಲವರಿಗೆ ಕೂದಲು ಕೂಡ. ಬಿಸಿಲಿಗೆ ಕಾಲಿಟ್ಟರೆ ಉರಿ. ಗಾಬರಿಯಾಗಿ ಬಿಟ್ಟರೆ ಮುಖ ಇನ್ನಷ್ಟು ಕೆಂಪೇರುತ್ತದೆ, ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ. ಬಳಸಿದವರೋ, "ಇದೊಂದೇ ನೋಡಿ ನಂಗೆ ಹಿಡಿಸೋದು" ಎನ್ನುತ್ತಾರೆ. ಮುಖದ ಈ ಅವಸ್ಥೆಗೆ ನಮ್ಮ ದೇಶದ ಚರ್ಮವೈದ್ಯರು 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಎಂದು ಹೆಸರಿಟ್ಟಿದ್ದಾರೆ. ಬದುಕಿರುವಾಗಲೇ ಒಂದು ಕಾಯಿಲೆಗೆ ತಮ್ಮ ಹೆಸರು! ಇಂಥ ಭಾಗ್ಯ ಎಷ್ಟು ಜನಕ್ಕುಂಟು?

ತಮ್ಮ ಬಂಧುಗಳೂ ಕಡಿಮೆಯೇನಲ್ಲ. ಪಾದರಸ ಬೆರೆತ ಕ್ರೀಮುಗಳು ಕೇರಳದ ಮಲಪ್ಪುರಂನಲ್ಲಿ ಹಲವರ ಕಿಡ್ನಿಗೇ ಕೈಹಾಕಿದ್ದು 2023ರಲ್ಲಿ ಸುದ್ದಿಯಾಯಿತು. ರೀಲ್ಸ್‌ನಲ್ಲಿ ಮೆರೆಯುವ ನಿಂಬೆರಸ ತಾವಿರುವ ಎತ್ತರಕ್ಕೆ ಏರಿಲ್ಲ, ಆದರೂ ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆಯೆಬ್ಬಿಸಿ ಕಲೆ ಉಳಿಸುವಷ್ಟು ಪ್ರತಿಭೆ ಅದಕ್ಕೂ ಇದೆ.

ಇನ್ನು ತಮ್ಮ ಎದುರಾಳಿಗಳು ಎಂಥ ಸಪ್ಪೆ ಜನ! ಮೃದುವಾದ ಫೇಸ್‌ವಾಶ್, ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಅದನ್ನು ಎರಡು ಬೆರಳುದ್ದ ಹಿಂಡಿಕೊಂಡು ಮುಖ, ಕತ್ತಿಗೆ ಹಚ್ಚಬೇಕಂತೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಂತೆ. ಜೊತೆಗೊಂದು ಕೊಡೆ. ಹೊಸದೇನೇ ತಂದರೂ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಕೆಲವು ದಿನ ಕಾಯಬೇಕು. ಇಷ್ಟೆಲ್ಲ ಮಾಡಿದರೂ ಹುಟ್ಟುಬಣ್ಣ ಒಂದಿಷ್ಟೂ ಕದಲುವುದಿಲ್ಲ. ಇವುಗಳನ್ನು ಬಿಟ್ಟರೆ ಮುಖ ಉರಿಯುವುದೂ ಇಲ್ಲ, ಹಾಗಾಗಿ ಜನ ಬೇಗ ಮರೆತುಬಿಡುತ್ತಾರೆ. ವ್ಯಾಪಾರ ಕಲಿಯದವು, ಪಾಪ.

ಒಂದೇ ಬಿನ್ನಹ. ತಿಂಗಳುಗಟ್ಟಲೆ ತಮ್ಮನ್ನು ಹಚ್ಚಿಕೊಂಡವರು ಈ ಪತ್ರ ಓದಿ ಸಿಟ್ಟಿನಲ್ಲಿ ನಾಳೆಯೇ ತಮ್ಮನ್ನು ಕಸದ ಬುಟ್ಟಿಗೆ ಎಸೆದಾರು. ಹಾಗೆ ಮಾಡದೆ ಅವರು ತಮ್ಮನ್ನು ಜೇಬಿನಲ್ಲಿಟ್ಟುಕೊಂಡು ಚರ್ಮವೈದ್ಯರ ಬಳಿ ಹೋಗಲಿ, ಹೇಗೆ ಹಂತಹಂತವಾಗಿ ಬಿಡಬೇಕೆಂದು ಕೇಳಲಿ. ಅಲ್ಲಿ ತಾವು ಮೇಜಿನ ಮೇಲೆ ಮಲಗಿ, ತಮ್ಮ ಪೂರ್ತಿ ಹೆಸರನ್ನು ಡಾಕ್ಟರಿಗೆ ಓದಲು ಕೊಟ್ಟರೆ ಸಾಕು.

ಇಂತಿ,
ಎಣ್ಣೆಗಪ್ಪು ಬಣ್ಣದ ಒಬ್ಬ ಗಿರಾಕಿ