ಕೋಲು ಇರೋದೇ ಅದಕ್ಕೆ ಕಣಪ್ಪಾ

ಏನಪ್ಪಾ, ಸ್ನೋ ಬ್ಲೋವರ್ ಬಂತಾ? ಗರಾಜ್ ಬಾಗಿಲು ತೆಗೆದಿತ್ತಲ್ಲ, ಕಣ್ಣಿಗೆ ಬಿತ್ತು. ಒಳ್ಳೇದಾಯ್ತು ಬಿಡು. ಬಫಲೋದಲ್ಲಿ ನಿಮಗಿದು ಮೊದಲ ಚಳಿಗಾಲ, ಮನೇಲಿ ಬಾಣಂತಿ, ಎಳೇ ಕೂಸು, ಬಾಣಂತನಕ್ಕೆ ಅಂತ ಊರಿಂದ ಅಮ್ಮನೂ ಬಂದಿದಾರೆ. ಅಪರಾತ್ರೀಲಿ ಆಸ್ಪತ್ರೆಗೆ ಹೊರಡಬೇಕಾಗಿ ಬಂದ್ರೆ ಕಾರು ರಸ್ತೆಗೆ ಇಳೀಲೇಬೇಕಲ್ಲ. ಸ್ವಲ್ಪ ಈ ಕಡೆ ಬಾ, ಬೇಲಿ ಹತ್ರ. ಹೇಳೋದಿದೆ.

ನಮ್ಮೂರ ಹಿಮದ ರೀತಿ ನಿಂಗಿನ್ನೂ ಗೊತ್ತಿಲ್ಲ. ನವೆಂಬರ್ ಬಂದ್ರೂ ಈರೀ ಸರೋವರದ ನೀರು ಪೂರ್ತಿ ತಣ್ಣಗಾಗಿರಲ್ಲ. ಪಶ್ಚಿಮದ ಕೊರೆಯೋ ಗಾಳಿ ಅದರ ಮೇಲೆ ಉದ್ದಕ್ಕೂ ಬೀಸಿ, ತೇವ ಹೊತ್ಕೊಂಡು, ದಡ ಮುಟ್ಟಿದ್ದೇ ತಡ ಸುರಿಯೋಕೆ ಶುರು. ಅದೂ ಪಟ್ಟಿ ಹೊಡೆದ ಹಾಗೆ ಒಂದೇ ಕಡೆ. 2022ರ ನವೆಂಬರ್‌ನಲ್ಲಿ ಆರ್ಚರ್ಡ್ ಪಾರ್ಕ್‌ನಲ್ಲಿ ಆರಡಿಗೂ ಮೇಲೆ ಬಿತ್ತು. ಅಲ್ಲಿಂದ ಉತ್ತರಕ್ಕಿರೋ ನಮ್ಮ ಕಡೆ ಅದರ ಹತ್ತಿರಕ್ಕೂ ಬರಲಿಲ್ಲ. ಮೆಷೀನ್ ಬೇಕೇ ಬೇಕು, ನಾನು ಬೇಡ ಅನ್ನೋನಲ್ಲ.

ಇದನ್ನ ಮೊದಲು ಮಾಡಿದವನು ಆರ್ಥರ್ ಸಿಕಾರ್ ಅಂತ, ಕೆನಡಾದ ಕ್ವಿಬೆಕ್‌ನವನು. 1925ರಲ್ಲಿ ಕಟ್ಟಿದ, 1927ರಲ್ಲಿ ಮಾಂಟ್ರಿಯಲ್ ಪಕ್ಕದ ಒಂದು ಊರಿನವರು ಕೊಂಡ್ಕೊಂಡ್ರು. ಹೊಲದ ಯಂತ್ರ ನೋಡಿ ಅವನಿಗೆ ಹೊಳೀತಂತೆ. ನಿನ್ನ ಮೆಷೀನ್ ಒಳಗಿರೋದೂ ಆ ಬುದ್ಧೀನೇ. ಬಗ್ಗಿ ನೋಡು: ಮುಂದೆ ತಿರುಪಿನ ಹಾಗೆ ಸುತ್ತಿಕೊಂಡಿದೆಯಲ್ಲ, ಅದು ಆಗರ್, ಹಿಮವನ್ನ ಮಧ್ಯಕ್ಕೆ ಎಳೆಯುತ್ತೆ. ಅದರ ಹಿಂದೆ ಕತ್ತಲಲ್ಲಿ ಕೂತಿರೋ ಫ್ಯಾನು ಇನ್ನೂ ಜೋರು. ಎಳೆದಿದ್ದನ್ನೆಲ್ಲ ಬೀಸಿ ಮೇಲಿನ ಕೊಳವೆಯಿಂದ ಆಚೆ ಎಸೆಯುತ್ತೆ. ಅನಾಹುತ ಆಗೋದು ಹೆಚ್ಚಾಗಿ ಆ ಫ್ಯಾನ್ ಹತ್ರಾನೇ.

ಹೇಗೆ ಅಂತೀಯಾ? ತುಂಬಾ ಚಳಿ ಇದ್ದಾಗ ಬೀಳೋ ಹಿಮ ಒಣ ಪುಡಿ, ಏನೂ ತೊಂದ್ರೆ ಕೊಡಲ್ಲ. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಬೀಳುತ್ತಲ್ಲ ಒದ್ದೆ ಹಿಮ, ಅದು ಭಾರ, ಅಂಟು. ಕೊಳವೆ ಒಳಗೆ ಮೆತ್ತಿಕೊಂಡು ಗಟ್ಟಿಯಾಗಿ ಬಿಡುತ್ತೆ. ಡ್ರೈವ್‌ವೇ ಕೊನೇಲಿ ಪಾಲಿಕೆಯ ಪ್ಲೌ ಲಾರಿ ತಳ್ಳಿ ಹೋಗಿರೋ ಗುಡ್ಡೆ ಇನ್ನೂ ಕಷ್ಟ. ಅದರಲ್ಲಿ ಉಪ್ಪು, ಕಲ್ಲು, ಐಸ್ ಗಡ್ಡೆ ಎಲ್ಲ ಇರುತ್ತೆ. ಅಲ್ಲಿಗೆ ಬರೋ ಹೊತ್ತಿಗೆ ಆಫೀಸಿಗೆ ತಡ ಆಗಿರುತ್ತೆ, ಮೈ ಬೆವತಿರುತ್ತೆ, ಮೆಷೀನ್ ಕಟ್ಟಿಕೊಳ್ಳುತ್ತೆ. ಮನುಷ್ಯ ಎಂಜಿನ್ ಆಫ್ ಮಾಡ್ತಾನೆ, ನಿಂತಿದೆಯಲ್ಲ ಅಂದ್ಕೊಂಡು ಗ್ಲೌಸ್ ಹಾಕಿದ ಕೈಯನ್ನ ಕೊಳವೆಗೆ ತೂರಿಸ್ತಾನೆ.

ನಿಂತಿರಲ್ಲ ಕಣಪ್ಪಾ. ಇದೊಂದು ನಿನ್ನ ತಲೇಲಿ ಕೂರಲಿ. ಎಂಜಿನ್ ಆರಿದ್ರೂ ಒಳಗೆ ಬಿಗಿ ಉಳಿದಿರುತ್ತೆ. ಫ್ಯಾನನ್ನ ಹಿಮ ಹಿಡಿದು ನಿಲ್ಲಿಸಿದೆ, ಬೆಲ್ಟು ಇನ್ನೂ ಎಳ್ಕೊಂಡೇ ಇದೆ. ನೀನು ಹಿಮ ಕಿತ್ತ ಕ್ಷಣ ಆ ಬಿಗಿ ಬಿಟ್ಟು ಫ್ಯಾನು ಒಂದರ್ಧ ಸುತ್ತು ತಿರುಗಿ ಬಿಡುತ್ತೆ. ಅರ್ಧ ಸುತ್ತು ಸಾಕು. ಊರಲ್ಲಿ ಕಬ್ಬಿನ ಹಾಲಿನ ಗಾಣ ನೋಡಿದೀಯಲ್ಲ, ಸಿಪ್ಪೆ ಸಿಕ್ಕಿಕೊಂಡಾಗ ಬೆರಳು ಹಾಕೋ ಹುಡುಗರಿಗೆ ಏನಾಗುತ್ತೆ? ಇಲ್ಲೂ ಅದೇ. ಅದೂ ಬಲಗೈ ಹೋಗೋದು, ಯಾಕಂದ್ರೆ ಅವಸರದಲ್ಲಿ ಮುಂದೆ ಬರೋದು ಅದೇ ಕೈ. ಚಳಿಗಾಲ ಬಂತು ಅಂದ್ರೆ ಈ ದೇಶದ ಕೈ ಸರ್ಜನ್‌ಗಳು ಇದನ್ನೇ ಬಾಯಿ ನೋಯೋವರೆಗೂ ಹೇಳ್ತಾರೆ.

ಅದಕ್ಕೇ, ಕಟ್ಟಿಕೊಳ್ತು ಅಂದ್ಕೋ. ಹಿಡಿಯಲ್ಲಿರೋ ಲಿವರ್ ಬಿಡು. ಎಂಜಿನ್ ಆಫ್ ಮಾಡು, ಕೀ ಕಿತ್ತು ಜೇಬಿಗೆ ಹಾಕ್ಕೋ. ಒಳಗೆ ಎಲ್ಲ ನಿಲ್ಲೋವರೆಗೂ ಕಾಯಿ. ಆಮೇಲೆ ನೋಡು, ಮೆಷೀನ್ ತಲೆ ಮೇಲೆ ಒಂದು ಪ್ಲಾಸ್ಟಿಕ್ ಕೋಲು ಸಿಕ್ಕಿಸಿದಾರಲ್ಲ, ತುದಿ ಸ್ವಲ್ಪ ಅಗಲ ಇದೆ. ಕೊಳವೆ ಬಿಡಿಸೋಕೇ ಅದನ್ನ ಕೊಟ್ಟಿರೋದು. ಕಳೆದು ಹೋದ್ರೆ ಪೊರಕೆ ಹಿಡಿ ಆದ್ರೂ ಸರಿ. ಕೈ ಮಾತ್ರ ಬೇಡ, ಕಾಲೂ ಬೇಡ. ಎಷ್ಟೇ ತಡ ಆಗಿರಲಿ, ಅಮ್ಮ ಒಳಗಿಂದ ಕಾಫಿಗೆ ಕೂಗಲಿ, ಬೇಡ.

ಕಟ್ಟಿಕೊಳ್ಳದ ಹಾಗೆ ನೋಡ್ಕೊಳ್ಳೋದು ಇನ್ನೂ ಜಾಣತನ. ಹಿಮ ಪೂರ್ತಿ ನಿಲ್ಲಲಿ ಅಂತ ಕಾಯಬೇಡ, ಬೀಳ್ತಾ ಇರುವಾಗಲೇ ನಡುನಡುವೆ ಒಂದೊಂದು ಸಲ ಹೊಡಿ. ಒದ್ದೆ ಇದ್ದಾಗ ಪೂರ್ತಿ ಅಗಲಕ್ಕೆ ನುಗ್ಗಿಸಬೇಡ, ಅರ್ಧ ಅಗಲ ತಗೋ, ಎಂಜಿನ್ ವೇಗ ಕಮ್ಮಿ ಮಾಡಬೇಡ, ನಡಿಗೆ ನಿಧಾನ ಮಾಡು. ಶುರು ಮಾಡೋ ಮೊದಲು, ಮೆಷೀನ್ ನಿಂತಿದ್ದಾಗಲೇ, ಕೊಳವೆ ಒಳಗೆ ಸಿಲಿಕೋನ್ ಸ್ಪ್ರೇ ಹೊಡೆದಿಟ್ಕೋ. ಇನ್ನು ಆ ಲಿವರ್. ಒತ್ತಿ ಹಿಡಿದ್ರೆ ಆಗರ್ ತಿರುಗುತ್ತೆ, ಬಿಟ್ರೆ ನಿಲ್ಲುತ್ತೆ. ಬೆರಳು ಸೋಲುತ್ತೆ ಅಂತ ಕೆಲವರು ಅದಕ್ಕೆ ಟೇಪ್ ಸುತ್ತಿ ಬಿಡ್ತಾರೆ. ನೀನು ಕಾಲು ಜಾರಿ ಬಿದ್ದಾಗ ನಿನ್ನನ್ನ ಉಳಿಸೋದು ಅದೊಂದೇ. ಹಾಗೆ ಯಾವತ್ತೂ ಮಾಡಬೇಡ.

ಇನ್ನು ಹೊಗೆ ವಿಷಯ. ಚಳಿಗೆ ಹೆದರಿ ಗರಾಜ್ ಒಳಗೇ ಸ್ಟಾರ್ಟ್ ಮಾಡಿ ಬಿಸಿಯಾಗಲಿ ಅಂತ ಬಿಡೋರಿದಾರೆ. ಬಾಗಿಲು ತೆಗೆದಿದ್ರೂ ಬೇಡ. ನಿಮ್ಮ ಗರಾಜ್ ಮನೆಗೆ ಅಂಟಿಕೊಂಡೇ ಇದೆ, ಮೇಲಿನ ರೂಮಲ್ಲಿ ಮಗು ಮಲಗಿರುತ್ತೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಸಂದೀಲಿ ನುಸುಳಿ ಹೋಗುತ್ತೆ. ನಮ್ಮ ಪಕ್ಕದ ವೆಸ್ಟ್ ಸೆನೆಕಾದ ಒಬ್ಬ ಹುಡುಗಿ 2009ರಲ್ಲಿ ಗೆಳತಿ ಮನೇಲಿ ಮಲಗಿದ್ದಾಗ ಕೆಟ್ಟ ಬಾಯ್ಲರಿಂದ ಬಂದ ಈ ವಿಷಕ್ಕೇ ಸತ್ತು ಹೋದಳು. ಅವಳ ಹೆಸರಲ್ಲೇ ಅಮಾಂಡಾ ಕಾನೂನು ಅಂತ ಮಾಡಿ, 2010ರಿಂದ ನ್ಯೂಯಾರ್ಕ್ ರಾಜ್ಯದ ಮನೆಗಳಲ್ಲಿ ಇದನ್ನ ಪತ್ತೆ ಹಚ್ಚೋ ಅಲಾರಂ ಕಡ್ಡಾಯ ಮಾಡಿದ್ರು. ನಿಮ್ಮನೆ ಅಲಾರಂ ಗುಂಡಿ ಇವತ್ತೇ ಒತ್ತಿ ನೋಡು, ಕೂಗುತ್ತಾ ಅಂತ. ಮೆಷೀನನ್ನ ಹೊರಗೆ ತಳ್ಳಿಕೊಂಡು ಬಂದೇ ಸ್ಟಾರ್ಟ್ ಮಾಡು. ಪೆಟ್ರೋಲ್ ಹಾಕೋದೂ ಹೊರಗೇ, ಎಂಜಿನ್ ತಣ್ಣಗಿದ್ದಾಗ. ಅರ್ಧ ಕೆಲಸಕ್ಕೆ ಖಾಲಿಯಾದ್ರೆ ಒಳಗೆ ಹೋಗಿ ಕಾಫಿ ಕುಡಿದು ಬಾ, ಅಷ್ಟರಲ್ಲಿ ಆರಿರುತ್ತೆ. ಪೆಟ್ರೋಲ್ ಕ್ಯಾನನ್ನ ಬೇಸ್‌ಮೆಂಟಲ್ಲಿ ವಾಟರ್ ಹೀಟರ್ ಹತ್ರ ಇಡಬೇಡ.

ಮಫ್ಲರ್, ಶಾಲು ಸುತ್ಕೊಂಡು ಮಾತ್ರ ಬರಬೇಡ, ತುದಿ ಜೋತಾಡಿದ್ರೆ ಎಳ್ಕೊಳ್ಳುತ್ತೆ. ಬೆಚ್ಚಗಿರೋ ಮಂಕಿ ಕ್ಯಾಪ್ ಸಾಕು. ಅಮ್ಮನಿಗೂ ಹೇಳಿಡು: ಮೆಷೀನ್ ಸದ್ದು ಕೇಳ್ತಾ ಇರುವಾಗ ಸೆರಗು ಹೊದ್ದು ನೋಡೋಕೆ ಅಂತ ಹತ್ರ ಬರೋದು ಬೇಡ, ಕಿಟಕಿಯಿಂದ ನೋಡಲಿ. ಕೊಳವೆಯಿಂದ ಹಿಮದ ಜೊತೆ ಕಲ್ಲೂ ಹಾರುತ್ತೆ, ಅದರ ಬಾಯಿ ಯಾವತ್ತೂ ಜನರ ಕಡೆ, ಗಾಜಿನ ಕಡೆ ಇರಬಾರದು. ಮೊದಲ ಹಿಮಕ್ಕೆ ಮುಂಚೆ ಡ್ರೈವ್‌ವೇ ಮೇಲಿನ ಕಾಲೊರಸು, ನೀರಿನ ಪೈಪು, ದೀಪಾವಳಿಗೆ ಎಳೆದ ವೈರು ಎಲ್ಲ ಎತ್ತಿಡು; ಅಂಚಿಗೆ ಕಡ್ಡಿ ನೆಡು, ಇಲ್ಲದಿದ್ರೆ ಎಲ್ಲಿ ಹುಲ್ಲು ಎಲ್ಲಿ ದಾರಿ ಗೊತ್ತಾಗಲ್ಲ.

ಮುಂದಿನ ತಿಂಗಳು ಅಪ್ಪನೂ ಬರ್ತಾರೆ ಅಂದಿದ್ದೆ ಅಲ್ವಾ? ಮೆಷೀನ್ ಮುಟ್ಟದ ಮೂಲೆಗೆ ಸಲಿಕೆ ತಗೊಂಡು ಇಳೀತಾರೆ ನೋಡು, ಊರಿನವರು ಸುಮ್ಮನೆ ಕೂರೋರಲ್ಲ. ಅವರನ್ನ ತಡಿ. 2022ರ ಡಿಸೆಂಬರ್ ಬಿರುಗಾಳೀಲಿ ಈ ಕೌಂಟಿಯಲ್ಲಿ 40ಕ್ಕೂ ಹೆಚ್ಚು ಜನ ಹೋದ್ರು, ಅದರಲ್ಲಿ ಹಿಮ ತೆಗೀತಾ ಎದೆ ಹಿಡಿದು ಹೋದವರೂ ಇದ್ರು. ಆ ಮೂಲೆ ನಂಗೆ ಬಿಡು, ಇಲ್ಲ ನೀನೇ ನಿಧಾನಕ್ಕೆ ಮಾಡು.

ಶನಿವಾರ ಬೆಳಿಗ್ಗೆ ಬಿಡುವಿದೆಯಾ? ಆಯಿಲ್ ನೋಡಿ ಒಂದು ಸಲ ಸ್ಟಾರ್ಟ್ ಮಾಡೋಣ. ಅಂಗಡಿ ಕಡೆ ಹೋದ್ರೆ ಶಿಯರ್ ಪಿನ್ ಎರಡು ಜೊತೆ ಹೆಚ್ಚಿಗೆ ತಗೊಂಡು ಬಾ, ನಿನ್ನ ಮಾಡೆಲ್ ನಂಬರ್ ಹೇಳಿ ಕೇಳು. ಆಗರ್ ಕಲ್ಲಿಗೆ ತಗುಲಿದಾಗ ಆ ಪಿನ್ ಮುರಿದು ಗೇರ್ ಬಾಕ್ಸ್ ಉಳಿಸುತ್ತೆ. ಅದರ ಜಾಗಕ್ಕೆ ಮಾಮೂಲಿ ಬೋಲ್ಟ್ ಹಾಕಬೇಡ. ಬದಲಾಯಿಸೋ ಮೊದಲು ಸ್ಪಾರ್ಕ್ ಪ್ಲಗ್ ವೈರ್ ಕಿತ್ತಿಡಬೇಕು, ಹೇಗೆ ಅಂತ ಅವತ್ತು ತೋರಿಸ್ತೀನಿ.